ನಾಲ್ಕು ಡಿಸ್ಕ್, ಒಂದು ಕಿರಾಣಿ ಚೀಟಿ: ಸರ್ವರ್‌ನಲ್ಲಿ ರೇಡ್ ಕಟ್ಟುವ ಬಗೆ

ವಿಜಯಪುರದಲ್ಲಿ ಪರಿಚಯದವರೊಬ್ಬರ ಮದುವೆ ವಿಡಿಯೊ ಸ್ಟುಡಿಯೊ ಇದೆ. ಅವತ್ತು ಮೇಜಿನ ಮೇಲೆ ನಾಲ್ಕು ಹೊಸ ಹಾರ್ಡ್ ಡಿಸ್ಕ್ ಇದ್ದವು. ಒಂದೊಂದೂ 8 ಟಿಬಿ. ಪಕ್ಕದಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ ಟವರ್ ಸರ್ವರ್.

"ಸರ, ನಾಕ್ ಎಂಟ್ಲೆ ಮೂವತ್ತೆರಡು. ಮೂವತ್ತೆರಡು ಟಿಬಿ ಜಾಗ ಸಿಗ್ತೈತಲ್ರೀ?" ಅಂದರು ಸ್ಟುಡಿಯೊದ ಯಜಮಾನರು.

"ಹದಿನಾರು" ಅಂದೆ.

"ಹಂಗಂದ್ರ ಅರ್ಧಾ ರೊಕ್ಕ ನೀರಾಗ ಹಾಕಿದಂಗ ಆತಲ್ರೀ!"

ಆ ಅರ್ಧ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಅವರಿಗೆ ಹೇಳೋಕೆ ಎರಡು ಕಪ್ ಚಹಾ ಬೇಕಾಯಿತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಯುನಿಕ್ಸ್ ಅಥವಾ ಲಿನಕ್ಸ್ ಸರ್ವರ್‌ನಲ್ಲಿ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವುದಕ್ಕೆ ಡಿಸ್ಕ್ ಅರೇ ಅನ್ನುತ್ತಾರೆ. ಅದನ್ನು ಕಟ್ಟುವ ಕಮಾಂಡ್ ಹತ್ತು ನಿಮಿಷದ ಕೆಲಸ. ಆದರೆ ಆ ಹತ್ತು ನಿಮಿಷದಲ್ಲಿ ಮಾಡಿದ ಆಯ್ಕೆ ಸರಿಯೋ ತಪ್ಪೋ ಅಂತ ಗೊತ್ತಾಗೋದು ಒಂದು ಡಿಸ್ಕ್ ಸತ್ತ ದಿನ. ಅದಕ್ಕೇ ನಾನು ಆ ದಿನವನ್ನು ತಲೆಯಲ್ಲಿಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ಯೋಚಿಸುತ್ತೇನೆ.

ಡಿಸ್ಕ್ ಸಾಯುತ್ತೆ ಅನ್ನೋದು ಹೆದರಿಕೆಯ ಮಾತಲ್ಲ, ಲೆಕ್ಕದ ಮಾತು. 1987ರಲ್ಲಿ ಅಮೆರಿಕದ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಈ ಲೆಕ್ಕ ಹಾಕಿದರು. ಆಗ ದೊಡ್ಡ ಕಂಪ್ಯೂಟರ್‌ಗಳ ಡಿಸ್ಕ್ ಅಂದರೆ ವಿಪರೀತ ದುಬಾರಿ. ಪಿಸಿಗೆ ಬರುವ 100 ಎಂಬಿಯ ಚಿಕ್ಕ ಡಿಸ್ಕ್ ಅಗ್ಗ. ಅಂಥ 75 ಚಿಕ್ಕ ಡಿಸ್ಕ್ ಸೇರಿಸಿದರೆ ಐಬಿಎಂನ 7500 ಎಂಬಿಯ ಒಂದು ದೊಡ್ಡ ಡಿಸ್ಕಿನಷ್ಟು ಜಾಗ ಸಿಗುತ್ತೆ, ವೇಗವೂ ಜಾಸ್ತಿ. ತೊಂದರೆ ಒಂದೇ. ಒಂದು ಚಿಕ್ಕ ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತೆ ಅಂದುಕೊಳ್ಳಿ. ಅಂಥ 100 ಡಿಸ್ಕ್ ಇಟ್ಟರೆ ಅವುಗಳಲ್ಲಿ ಯಾವುದಾದರೂ ಒಂದು ಸರಾಸರಿ 300 ಗಂಟೆಗೊಮ್ಮೆ ಹೋಗುತ್ತೆ. ಎರಡು ವಾರವೂ ಆಗಲಿಲ್ಲ! ಹಾಗಾಗಿ ಒಂದಿಷ್ಟು ಜಾಗವನ್ನು ಹೆಚ್ಚುವರಿ ಮಾಹಿತಿಗೆ ಬಿಟ್ಟುಕೊಡಲೇಬೇಕು ಅಂದರು. ಇದೇ ರೇಡ್. ಇಂಗ್ಲಿಷಿನಲ್ಲಿ ಆರ್, ಎ, ಐ, ಡಿ ಅನ್ನೋ ನಾಲ್ಕು ಅಕ್ಷರದ ಈ ಹೆಸರಿನಲ್ಲಿ 'ಐ' ಅಕ್ಷರಕ್ಕೆ ಮೊದಲು 'ಅಗ್ಗದ' ಅನ್ನೋ ಅರ್ಥ ಇತ್ತು, ಆಮೇಲೆ 'ಸ್ವತಂತ್ರ' ಅಂತ ಬದಲಾಯಿತು. ಡಿಸ್ಕ್ ಮಾರುವವರಿಗೆ 'ಅಗ್ಗ' ಅನ್ನೋ ಪದ ಹಿಡಿಸಲಿಲ್ಲವೇನೋ.

ಈಗ ರೇಡ್‌ನ ನಂಬರ್‌ಗಳು. ಇವು ಸುಮ್ನೆ ಹೆಸರುಗಳು, ಒಂದಕ್ಕಿಂತ ಒಂದು ಮೇಲು ಅಂತಲ್ಲ.

ರೇಡ್ 0 ಅಂದರೆ ಫೈಲನ್ನು ಚೂರು ಮಾಡಿ ನಾಲ್ಕೂ ಡಿಸ್ಕಿಗೆ ಹಂಚುವುದು. ಜಾತ್ರೆಯ ದಾಸೋಹದಲ್ಲಿ ನಾಲ್ಕು ಒಲೆ ಹೂಡಿ ರೊಟ್ಟಿ ಬಡಿದ ಹಾಗೆ. ಕೆಲಸ ಸುಮಾರು ನಾಲ್ಕು ಪಟ್ಟು ಬೇಗ. ಜಾಗ ಪೂರ್ತಿ 32 ಟಿಬಿ. ಆದರೆ ರೊಟ್ಟಿಯ ಹೋಲಿಕೆ ಇಲ್ಲಿಗೆ ಮುಗೀತು. ಒಂದು ಒಲೆ ಆರಿದರೆ ಉಳಿದ ಮೂರರ ರೊಟ್ಟಿ ತಿನ್ನಬಹುದು. ಇಲ್ಲಿ ಒಂದು ಡಿಸ್ಕ್ ಹೋದರೆ ಕಾಲು ಭಾಗ ಅಲ್ಲ, ಎಲ್ಲಾ ಹೋಗುತ್ತೆ. ಪ್ರತಿ ಮದುವೆಯ ವಿಡಿಯೊದಲ್ಲೂ ನಾಲ್ಕು ಚೂರಿಗೆ ಒಂದು ಚೂರು ಇಲ್ಲ ಅಂದರೆ ಅದು ಯಾವ ಪ್ಲೇಯರ್‌ನಲ್ಲೂ ಓಡೋದಿಲ್ಲ. ಮತ್ತೆ ಹುಟ್ಟಿಸಬಹುದಾದ ತಾತ್ಕಾಲಿಕ ಫೈಲುಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ನಾನು ಇದನ್ನು ಹಾಕಲ್ಲ.

ರೇಡ್ 1 ಕನ್ನಡಿ. ಹೊಲದ ಉತಾರವನ್ನು ಎರಡು ಝೆರಾಕ್ಸ್ ಮಾಡಿಸಿ ಬೇರೆ ಬೇರೆ ಟ್ರಂಕಿನಲ್ಲಿ ಇಟ್ಟ ಹಾಗೆ, ಬರೆದದ್ದೆಲ್ಲ ಎರಡೂ ಡಿಸ್ಕಿನಲ್ಲಿ. ಅರ್ಧ ಜಾಗ ಹೋಯಿತು, ನೆಮ್ಮದಿ ಬಂತು. ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಿಗೆ ಇದಕ್ಕಿಂತ ಸರಳ ಉಪಾಯ ಇಲ್ಲ. ಸ್ಟುಡಿಯೊದಲ್ಲೂ ಎರಡು ಚಿಕ್ಕ ಎಸ್‌ಎಸ್‌ಡಿ ಹಾಕಿ ಸಿಸ್ಟಮ್ಮಿಗೆ ಇದನ್ನೇ ಮಾಡಿದೆವು. ವಿಡಿಯೊ ಇಡುವ ದೊಡ್ಡ ಡಿಸ್ಕ್‌ಗಳು ಬೇರೆ.

ರೇಡ್ 5 ಹತ್ತಿರ ಬಂದಾಗ ಜನ ಗಣಿತ ಅಂತ ಗಾಬರಿಯಾಗುತ್ತಾರೆ. ಕಿರಾಣಿ ಅಂಗಡಿಯ ಚೀಟಿ ತೆಗೆದುಕೊಳ್ಳಿ. ತೊಗರಿಬೇಳೆ 140, ಬೆಲ್ಲ 50, ಶೇಂಗಾ 130. ಕೆಳಗೆ ಮೊತ್ತ 320. ಮನೆಗೆ ಬರುವಷ್ಟರಲ್ಲಿ ಬೆಲ್ಲದ ಸಾಲಿನ ಮೇಲೆ ಅರಿಷಿಣದ ಕಲೆ ಬಿತ್ತು, ಓದೋಕೆ ಆಗಲ್ಲ. ಚಿಂತೆ ಏನು? 320ರಲ್ಲಿ 140 ಮತ್ತು 130 ಕಳೆದರೆ 50. ಸಾಲು ಮರಳಿ ಬಂತು. ಮೂರು ಡಿಸ್ಕಿನಲ್ಲಿ ಸಾಮಾನು, ನಾಲ್ಕನೆಯದರಲ್ಲಿ ಮೊತ್ತ. ಈ ಮೊತ್ತಕ್ಕೆ ಪ್ಯಾರಿಟಿ ಅನ್ನುತ್ತಾರೆ.

ನಿಜವಾದ ಡಿಸ್ಕಿನಲ್ಲಿ ಕೂಡೋದು ಕಳೆಯೋದು ಇಲ್ಲ. ಅಲ್ಲಿ ಇರೋದು ಬರೀ ಸೊನ್ನೆ, ಒಂದು. ಮೂರು ಡಿಸ್ಕಿನ ಒಂದೇ ಜಾಗದ ಬಿಟ್‌ಗಳನ್ನು ನೋಡಿ, ಒಂದುಗಳ ಸಂಖ್ಯೆ ಸಮ ಆದರೆ 0, ಬೆಸ ಆದರೆ 1 ಅಂತ ಪ್ಯಾರಿಟಿ ಬರೆಯುತ್ತೆ. 1, 0, 1 ಇದ್ದರೆ ಪ್ಯಾರಿಟಿ 0. ನಡುವಿನದು ಕಳೆದುಹೋದರೂ ಉಳಿದ 1, 1, ಮತ್ತು ಪ್ಯಾರಿಟಿ 0 ನೋಡಿ ಅದು 0 ಅಂತ ಹೇಳಬಹುದು. ಈ ಲೆಕ್ಕಕ್ಕೆ ಎಕ್ಸಾರ್ ಅಂತ ಹೆಸರು. ಪ್ರೊಸೆಸರಿಗೆ ಇದು ಅತಿ ಸುಲಭದ ಕೆಲಸ. ಇನ್ನೊಂದು ವಿಷಯ: ಮೊತ್ತದ ಸಾಲು ಯಾವಾಗಲೂ ಒಂದೇ ಡಿಸ್ಕಿನಲ್ಲಿ ಕೂರೋದಿಲ್ಲ. ಇಟ್ಟರೆ ಎಲ್ಲ ಬರವಣಿಗೆಗೂ ಅದೊಂದೇ ಡಿಸ್ಕ್ ದುಡಿದು ಸುಸ್ತಾಗುತ್ತೆ. ಅದಕ್ಕೆ ಸರದಿಯಂತೆ ನಾಲ್ಕೂ ಡಿಸ್ಕಿಗೆ ಹಂಚುತ್ತಾರೆ.

ಚೀಟಿಯಿಂದಲೇ ಇನ್ನೂ ಒಂದು ಮಾತು ತಿಳಿಯುತ್ತೆ. ಬೆಲ್ಲದ ಬೆಲೆ 50 ಹೋಗಿ 55 ಆಯಿತು ಅನ್ನಿ. ಸುಮ್ನೆ ಬೆಲ್ಲ ತಿದ್ದಿದರೆ ಸಾಕಾ? ಹಳೇ ಬೆಲೆ ಓದಬೇಕು, ಹಳೇ ಮೊತ್ತ ಓದಬೇಕು, ಹೊಸ ಬೆಲೆ ಬರೆಯಬೇಕು, ಹೊಸ ಮೊತ್ತ 325 ಬರೆಯಬೇಕು. ಒಂದು ತಿದ್ದುಪಡಿಗೆ ನಾಲ್ಕು ಸಲ ಡಿಸ್ಕ್ ಮುಟ್ಟಿದಂತಾಯಿತು. ಪತ್ತಿನ ಸಂಘದ ಲೆಕ್ಕದ ಡೇಟಾಬೇಸ್ ಥರ ದಿನವಿಡೀ ಚಿಕ್ಕ ಚಿಕ್ಕ ತಿದ್ದುಪಡಿ ನಡೆಯುವ ಕಡೆ ರೇಡ್ 5 ಏದುಸಿರು ಬಿಡೋದು ಇದಕ್ಕೇ. ಮದುವೆ ವಿಡಿಯೊ ಹಾಗಲ್ಲ. ಇಡೀ ಚೀಟಿಯನ್ನೇ ಹೊಸದಾಗಿ ಬರೆದ ಹಾಗೆ, ದೊಡ್ಡ ಫೈಲು ಒಂದೇ ಓಟದಲ್ಲಿ ಬರುತ್ತೆ. ಹಳೆಯದನ್ನು ಓದುವ ಕೆಲಸವೇ ಇಲ್ಲ.

ಹಾಗಾದರೆ ಸ್ಟುಡಿಯೊಗೆ ರೇಡ್ 5 ಸಾಕಲ್ವಾ? 24 ಟಿಬಿ ಸಿಗುತ್ತೆ. ಯಜಮಾನರೂ ಇಲ್ಲೇ ಪಟ್ಟು ಹಿಡಿದರು. ಚೀಟಿಯ ಮೇಲೆ ಎರಡು ಕಲೆ ಬಿದ್ದರೆ ಮೊತ್ತ ಇದ್ದೂ ಪ್ರಯೋಜನ ಇಲ್ಲ ಅನ್ನೋದು ಅವರಿಗೂ ಅರ್ಥವಾಗಿತ್ತು. "ಎರಡು ಒಮ್ಮೆಗೇ ಯಾಕ ಹೋಗ್ತಾವ್ರಿ?" ಅನ್ನೋದು ಅವರ ಪ್ರಶ್ನೆ. ಒಳ್ಳೆ ಪ್ರಶ್ನೆ.

ಒಂದು ಡಿಸ್ಕ್ ಸತ್ತು ಹೊಸದು ಹಾಕಿದಾಗ ಅದನ್ನು ತುಂಬಿಸಲು ಉಳಿದ ಮೂರನ್ನೂ ತಲೆಯಿಂದ ಬುಡದವರೆಗೆ ಓದಬೇಕು. 8 ಟಿಬಿಯನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆದರೂ ಸುಮಾರು 15 ಗಂಟೆ. ಅದೂ ಬೇರೆ ಯಾರೂ ಸರ್ವರ್ ಮುಟ್ಟದಿದ್ದರೆ. ಎಡಿಟಿಂಗ್ ನಡೆಯುತ್ತಿದ್ದರೆ ಒಂದೆರಡು ದಿನ ಹಿಡಿದರೂ ಆಶ್ಚರ್ಯವಿಲ್ಲ. ಆ ಹೊತ್ತಿನಲ್ಲಿ ಉಳಿದ ಮೂರಕ್ಕೆ ಜೀವಮಾನದಲ್ಲೇ ಇಲ್ಲದ ದುಡಿತ. ಅವೋ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಡಬ್ಬಿಯಿಂದ ಕೊಂಡವು. ಒಂದೇ ಧೂಳು ಕುಡಿದವು, ವಿಜಯಪುರದ ಒಂದೇ ಮೇ ತಿಂಗಳ ಬಿಸಿಲು ಕಂಡವು. ಅಣ್ಣ ಹಾಸಿಗೆ ಹಿಡಿದ ಮೇಲೆ ತಮ್ಮಂದಿರ ಆರೋಗ್ಯವನ್ನೂ ಅನುಮಾನದಿಂದಲೇ ನೋಡಬೇಕು.

ಪೂರ್ತಿ ಡಿಸ್ಕ್ ಸಾಯಬೇಕಂತಲೂ ಇಲ್ಲ. ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ಒಂದು ಅಂಕಿ ಇರುತ್ತೆ: 100 ಲಕ್ಷ ಕೋಟಿ ಬಿಟ್ ಓದಿದರೆ ಹೆಚ್ಚೆಂದರೆ ಒಂದು ಕಡೆ ಓದಲಾಗದ ತಪ್ಪು. ಅದನ್ನು ಬೈಟ್‌ಗೆ ಇಳಿಸಿದರೆ 12.5 ಟಿಬಿ. ಹೊಸ ಡಿಸ್ಕ್ ತುಂಬಿಸುವ ಕೆಲಸಕ್ಕೆ ರಿಬಿಲ್ಡ್ ಅನ್ನುತ್ತಾರೆ. ನಮ್ಮ ರಿಬಿಲ್ಡ್‌ನಲ್ಲಿ ಓದಬೇಕಾದದ್ದು 24 ಟಿಬಿ. ಡಿಸ್ಕ್‌ಗಳು ಸಾಮಾನ್ಯವಾಗಿ ಈ ಅಂಕಿಗಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೂ ಬೇರೆಯವರ ಮದುವೆಯ ವಿಡಿಯೊ ಇಟ್ಟುಕೊಂಡು ಜೂಜಾಡುವುದಕ್ಕೆ ನನಗೆ ಮನಸ್ಸು ಬರಲ್ಲ.

ಅದಕ್ಕೆ ರೇಡ್ 6. ಇದರಲ್ಲಿ ಎರಡು ಮೊತ್ತ. ಎರಡನೆಯದು ಮೊದಲನೆಯದರ ನಕಲು ಅಲ್ಲ, ಬೇರೆ ಥರದ ಲೆಕ್ಕ. ಅದೇ ಚೀಟಿಯಲ್ಲಿ ಮೊದಲ ಸಾಲಿಗೆ ಒಂದರಿಂದ, ಎರಡನೆಯದಕ್ಕೆ ಎರಡರಿಂದ, ಮೂರನೆಯದಕ್ಕೆ ಮೂರರಿಂದ ಗುಣಿಸಿ ಕೂಡಿ: 140, 100, 390. ಎರಡನೇ ಮೊತ್ತ 630. ಈಗ ಬೇಳೆ, ಬೆಲ್ಲ ಎರಡರ ಮೇಲೂ ಕಲೆ ಬಿತ್ತು. ಶೇಂಗಾ ಮಾತ್ರ ಓದಬಹುದು. ಮೊದಲ ಮೊತ್ತದಿಂದ ಬೇಳೆ ಬೆಲ್ಲ ಸೇರಿ 190. ಎರಡನೆಯದರಿಂದ ಬೇಳೆ ಮತ್ತು ಎರಡು ಪಟ್ಟು ಬೆಲ್ಲ ಸೇರಿ 240. ಎರಡರ ವ್ಯತ್ಯಾಸ 50, ಅದೇ ಬೆಲ್ಲ. ಉಳಿದ 140 ಬೇಳೆ. ಹೈಸ್ಕೂಲಿನಲ್ಲಿ ಬಿಡಿಸಿದ ಎರಡು ಸಮೀಕರಣಗಳೇ. ಒಳಗಿನ ಅಂಕಗಣಿತ ಬೇರೆ, ಉಪಾಯ ಇದೇ. ನಾಲ್ಕರಲ್ಲಿ ಯಾವ ಎರಡು ಹೋದರೂ ಸರ್ವರ್ ನಡೆಯುತ್ತೆ. ಅದಕ್ಕೆ ಕೊಡುವ ಬೆಲೆ, ಎರಡು ಡಿಸ್ಕಿನ ಜಾಗ. ಯಜಮಾನರ ಅರ್ಧ ರೊಕ್ಕ ಹೋದದ್ದು ಇಲ್ಲಿಗೆ.

ಇನ್ನೊಂದು ದಾರಿ ರೇಡ್ 10. ಎರಡೆರಡು ಡಿಸ್ಕಿನ ಕನ್ನಡಿ ಜೋಡಿ ಮಾಡಿ, ಜೋಡಿಗಳ ನಡುವೆ ಚೂರು ಹಂಚುವುದು. ಜಾಗ ಇಲ್ಲೂ 16 ಟಿಬಿಯೇ. ಚಿಕ್ಕ ತಿದ್ದುಪಡಿ ಬೇಗ, ರಿಬಿಲ್ಡ್ ಮಾಡುವಾಗ ಜೋಡಿಯ ಇನ್ನೊಂದನ್ನು ಮಾತ್ರ ಓದಿದರೆ ಆಯಿತು. ಆದರೆ ಎರಡನೆಯದಾಗಿ ಸಾಯುವುದು ಮೊದಲು ಸತ್ತದ್ದರ ಜೋಡಿಯೇ ಆದರೆ ಕಥೆ ಮುಗಿಯಿತು. ಡೇಟಾಬೇಸ್ ಇದ್ದರೆ ನಾನು ಕಣ್ಣು ಮುಚ್ಚಿ ರೇಡ್ 10 ಹೇಳುತ್ತೇನೆ. ವಿಡಿಯೊ ಭಂಡಾರಕ್ಕೆ ರೇಡ್ 6.

ಅಂದ ಹಾಗೆ ಪೂರ್ತಿ ಮುಗಿದ ಮೇಲೆ ಸ್ಕ್ರೀನಿನಲ್ಲಿ 16 ಕೂಡ ಕಾಣಲಿಲ್ಲ, 14.5 ಕಂಡಿತು. ಡಿಸ್ಕ್ ಕಂಪನಿ ಸಾವಿರ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ಸಿಸ್ಟಮ್ 1024ರ ಲೆಕ್ಕದಲ್ಲಿ ತೋರಿಸುತ್ತೆ. ಏನೂ ಕಳೆದಿಲ್ಲ. ಅದನ್ನು ಹೇಳೋಕೆ ಮೂರನೇ ಕಪ್ ಚಹಾ ಬೇಕಾಯಿತು.

ಇಷ್ಟು ನಿರ್ಧಾರ ಆದಮೇಲೆ, ರೇಡ್ ಅನ್ನು ಯಾರು ನಡೆಸಬೇಕು ಅನ್ನೋ ಪ್ರಶ್ನೆ. ಇದಕ್ಕೆಂದೇ ಕಾರ್ಡ್ ಬರುತ್ತೆ. ಬ್ಯಾಟರಿ ಇರುವ ಒಳ್ಳೆ ಕಾರ್ಡ್ ಆದರೆ ಕರೆಂಟ್ ಹೋದರೂ ಬರೆಯಬೇಕಾದದ್ದನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುತ್ತೆ. ಆದರೆ ಕಾರ್ಡೇ ಸತ್ತರೆ ಅದೇ ಜಾತಿಯ ಇನ್ನೊಂದು ಕಾರ್ಡ್ ಹುಡುಕಬೇಕು. ಐದು ವರ್ಷ ಹಳೆಯ ಮಾಡೆಲ್ ನಮ್ಮ ಕಡೆ ಎಲ್ಲಿ ಸಿಗುತ್ತೆ? ಲಿನಕ್ಸ್ ತಾನೇ ನಡೆಸುವ ಸಾಫ್ಟ್‌ವೇರ್ ರೇಡ್ ಆದರೆ ನಾಲ್ಕು ಡಿಸ್ಕ್ ಕಿತ್ತು ಯಾವುದೋ ಹಳೇ ಪಿಸಿಗೆ ಸಿಕ್ಕಿಸಿ, ಅಲ್ಲಿನ ಲಿನಕ್ಸ್‌ನಲ್ಲಿ ಅರೇ ಜೋಡಿಸಬಹುದು. ಚಿಕ್ಕ ಕಚೇರಿ, ಸ್ಟುಡಿಯೊ, ಕಾಲೇಜು ಲ್ಯಾಬಿಗೆ ನನ್ನ ಮತ ಸಾಫ್ಟ್‌ವೇರ್ ರೇಡ್‌ಗೇ.

ಲಿನಕ್ಸ್‌ನಲ್ಲಿ ಈ ಕೆಲಸದ ಕಮಾಂಡಿನ ಹೆಸರು ಎಂಡಿಎಡಿಎಂ. ಹೆಸರಿನ ಐದು ಅಕ್ಷರಗಳನ್ನು ಹಾಗೇ ಟೈಪ್ ಮಾಡುವುದು. ಅದಕ್ಕೆ ಮೂರು ಮಾತು ಹೇಳಬೇಕು: ಯಾವ ಲೆವೆಲ್ (ಅಂದರೆ ರೇಡ್‌ನ ನಂಬರ್), ಎಷ್ಟು ಡಿಸ್ಕ್, ಯಾವ ಯಾವ ಡಿಸ್ಕ್. ಪೂರ್ತಿ ಸಾಲು ಕಮಾಂಡಿನ ಜೊತೆಗೇ ಬರುವ ಕೈಪಿಡಿ, ಅಂದರೆ ಮ್ಯಾನ್ ಪೇಜಿನಲ್ಲಿ ಇದೆ, ಅದನ್ನು ಇಲ್ಲಿ ಒಪ್ಪಿಸಲ್ಲ. ಅಲ್ಲಿ ಎದ್ದು ಕಾಣದ ಕೆಲವು ಮಾತು ಹೇಳುತ್ತೇನೆ.

ಮೊದಲು ಪಾರ್ಟಿಷನ್, ಅಂದರೆ ಡಿಸ್ಕನ್ನು ಭಾಗ ಮಾಡುವುದು. ಯಾವ ಭಾಗ ಎಲ್ಲಿದೆ ಅಂತ ಬರೆದಿಡಲು 2 ಟಿಬಿಗಿಂತ ದೊಡ್ಡ ಡಿಸ್ಕಿಗೆ ಹಳೇ ಎಂಬಿಆರ್ ಪಟ್ಟಿ ಸಾಲದು, ಹೊಸ ಬಗೆಯ ಜಿಪಿಟಿ ಪಟ್ಟಿ ಬೇಕು. ಪಾರ್ಟಿಷನ್ನನ್ನು ಡಿಸ್ಕಿನ ಕೊನೆಯವರೆಗೆ ಎಳೆಯಬೇಡಿ. ಕೊನೆಯಲ್ಲಿ ಒಂದು 100 ಎಂಬಿ ಬಿಡಿ. ಬಿಡದಿದ್ದರೆ, ಮೂರು ವರ್ಷದ ನಂತರ ಬೇರೆ ಕಂಪನಿಯ 8 ಟಿಬಿ ಡಿಸ್ಕ್ ತಂದಾಗ ಅದು ಕೂದಲೆಳೆಯಷ್ಟು ಚಿಕ್ಕದಾಗಿದ್ದರೂ ಅರೇ ಅದನ್ನು ಒಳಗೆ ಬಿಟ್ಟುಕೊಳ್ಳೋದಿಲ್ಲ.

ಡಿಸ್ಕ್ ಕೊಳ್ಳುವಾಗಲೇ ನೋಡಬೇಕಾದದ್ದು ಎಸ್‌ಎಂಆರ್ ಅನ್ನೋ ಪದ. ಹೆಂಚು ಹೊದಿಸಿದ ಹಾಗೆ ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಅರ್ಧ ಕೂರುವ ಡಿಸ್ಕ್‌ಗಳು ಇವು. ಅಗ್ಗಕ್ಕೆ ಸಿಗುತ್ತವೆ. ರಿಬಿಲ್ಡ್ ಹೊತ್ತಿಗೆ ಕುಂಟುತ್ತವೆ. ಗೆರೆಗಳು ಒಂದರ ಮೇಲೊಂದು ಕೂರದ ಸಿಎಂಆರ್ ಡಿಸ್ಕ್ ಅಂತ ಖಚಿತ ಮಾಡಿಕೊಂಡೇ ದುಡ್ಡು ಕೊಡಿ.

ಇನ್ನೊಂದು ಕಣ್ಣಿಗೆ ಬೀಳದ ಸಂಗತಿ ಇದೆ. ಸಾಮಾನ್ಯ ಡಿಸ್ಕ್ ಒಂದು ಜಾಗ ಓದಲಾಗದಿದ್ದರೆ ಬಿಡದೆ ನಿಮಿಷಗಟ್ಟಲೆ ಪ್ರಯತ್ನಿಸುತ್ತೆ. ಲಿನಕ್ಸ್ 30 ಸೆಕೆಂಡ್ ಕಾಯ್ದು, ಡಿಸ್ಕ್ ಉತ್ತರ ಕೊಡುತ್ತಿಲ್ಲ ಅಂತ ತೀರ್ಮಾನಿಸುತ್ತೆ. ಒಂದು ಕೆಟ್ಟ ಜಾಗಕ್ಕಾಗಿ ಇಡೀ ಡಿಸ್ಕ್ ಅರೇಯಿಂದ ಹೊರಗೆ! ಸ್ಮಾರ್ಟ್‌ಸಿಟಿಎಲ್ ಅನ್ನೋ ಕಮಾಂಡಿನಿಂದ ಡಿಸ್ಕಿಗೆ "ಏಳು ಸೆಕೆಂಡಿನಲ್ಲಿ ಆಗದಿದ್ದರೆ ಆಗಲ್ಲ ಅಂತ ಹೇಳಿಬಿಡು" ಅಂತ ತಿಳಿಸಬಹುದು. ಆಗ ಆ ಚೂರನ್ನು ಪ್ಯಾರಿಟಿಯಿಂದ ಲೆಕ್ಕ ಹಾಕಿ ಕೆಲಸ ಮುಂದುವರಿಯುತ್ತೆ. ಕೆಲವು ಡಿಸ್ಕ್ ಕರೆಂಟ್ ಹೋದರೆ ಈ ಮಾತು ಮರೆಯುತ್ತವೆ. ಹಾಗಾಗಿ ಪ್ರತಿ ಬೂಟಿನಲ್ಲೂ ಓಡುವ ಸ್ಕ್ರಿಪ್ಟಿನಲ್ಲಿ ಹಾಕಿಡಿ. ಎಲ್ಲ ಡಿಸ್ಕಿಗೂ ಈ ಸೌಲಭ್ಯ ಇರಲ್ಲ. ಇಲ್ಲದಿದ್ದರೆ ಲಿನಕ್ಸ್ ಕಾಯುವ ಹೊತ್ತನ್ನೇ ಮೂರು ನಿಮಿಷಕ್ಕೆ ಏರಿಸಿ.

ಅರೇ ಹುಟ್ಟಿದ ಮೇಲೆ ಅದರ ವಿವರವನ್ನು ಎಂಡಿಎಡಿಎಂನ ಕಾನ್ಫಿಗ್ ಫೈಲಿಗೆ ಬರೆದು, ಬೂಟ್ ಆಗುವಾಗ ಮೊದಲು ಎದ್ದೇಳುವ ಇನಿಟ್‌ರ್‍ಯಾಮ್‌ಎಫ್‌ಎಸ್ ಅನ್ನೂ ಹೊಸದು ಮಾಡಬೇಕು. ಮರೆತರೆ ಎಂಡಿ 0 ಅಂತ ಹೆಸರಿಟ್ಟ ಅರೇ ಮರುದಿನ ಎಂಡಿ 127 ಅಂತ ಎದ್ದು ಕೂರುತ್ತೆ. ಹೊಸಬರು ಹೆದರೋದು ಇಲ್ಲೇ. ಡೇಟಾ ಎಲ್ಲೂ ಹೋಗಿರಲ್ಲ, ಹೆಸರು ಮಾತ್ರ ಬದಲಾಗಿರುತ್ತೆ. ಬೂಟ್ ಆಗುವಾಗ ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ಜೋಡಿಸಬೇಕು (ಇದಕ್ಕೆ ಮೌಂಟ್ ಅನ್ನುತ್ತಾರೆ) ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೆಸರಿನ ಬದಲು ಯುಯುಐಡಿ ಅನ್ನೋ ಬದಲಾಗದ ಗುರುತಿನ ಸಂಖ್ಯೆ ಹಾಕಿ, ಜೊತೆಗೆ ಸಿಗದಿದ್ದರೂ ಮುಂದುವರಿ ಅನ್ನೋ ಅರ್ಥದ ನೋಫೇಲ್ ಪದ ಸೇರಿಸಿ. ಇಲ್ಲದಿದ್ದರೆ ಅರೇ ಏಳದ ದಿನ ಸರ್ವರೂ ಏಳದೆ, ನೀವು ಕೀಬೋರ್ಡ್ ಮಾನಿಟರ್ ಹೊತ್ತು ಓಡಬೇಕಾಗುತ್ತೆ. ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮಿಗೆ ನಾವು ಎಕ್ಸ್‌ಎಫ್‌ಎಸ್ ಹಾಕಿದೆವು. ದೊಡ್ಡ ಫೈಲಿಗೆ ಚೆನ್ನಾಗಿದೆ, ಅರೇಯ ಚೂರಿನ ಅಳತೆಯನ್ನು ತಾನೇ ಕೇಳಿ ತಿಳಿದುಕೊಳ್ಳುತ್ತೆ. ಒಂದೇ ಕೊರತೆ, ಅದನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು.

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ ಒಂದು ಪತ್ತಿನ ಸಂಘದಲ್ಲಿ ಮೂರು ಡಿಸ್ಕಿನ ರೇಡ್ 5 ಇತ್ತು. ಎಸ್‌ಡಿಸಿ ಅನ್ನೋ ಡಿಸ್ಕ್ ಸತ್ತಿದೆ ಅಂತ ಸ್ಕ್ರೀನ್ ಹೇಳಿತು. ಎ, ಬಿ, ಸಿ ಅಂತ ಮೇಲಿನಿಂದ ಎಣಿಸಿ ಮೂರನೇ ಟ್ರೇ ಎಳೆದೆ. ಅದು ಚೆನ್ನಾಗಿದ್ದ ಡಿಸ್ಕು. ಒಂದು ಮೊದಲೇ ಸತ್ತಿತ್ತು, ಇನ್ನೊಂದನ್ನು ನಾನು ಎಳೆದಿದ್ದೆ. ಅರೇ ನಿಂತಿತು. ಕೌಂಟರಿನಲ್ಲಿ ಪಾಸ್‌ಬುಕ್ ಹಿಡಿದ ಜನ. "ಏನಾತ್ರೀ ಸರ, ಕಂಪ್ಯೂಟರ್ ಬಂದ್ ಆತು" ಅಂತ ಮ್ಯಾನೇಜರ್ ಬಾಗಿಲಲ್ಲಿ. ನನ್ನ ಕೈಯಲ್ಲಿ ಬೆಚ್ಚಗಿನ ಡಿಸ್ಕ್. ಸರ್ವರ್ ಆಫ್ ಮಾಡಿ, ಆ ಡಿಸ್ಕನ್ನು ಮರಳಿ ಸಿಕ್ಕಿಸಿ, ಅರೇಯನ್ನು ಬಲವಂತವಾಗಿ ಜೋಡಿಸುವ ಆಯ್ಕೆ ಬಳಸಿದೆ. ಎದ್ದಿತು. ಫೈಲ್ ಸಿಸ್ಟಮ್ ಪರೀಕ್ಷೆ ಮುಗಿಯುವವರೆಗೆ ನಾನು ನೀರೂ ಕುಡಿಯಲಿಲ್ಲ.

ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರು ಬೂಟ್ ಆಗುವಾಗ ಸಿಕ್ಕ ಸರದಿಯಂತೆ ಕೊಟ್ಟವು. ಟ್ರೇಯ ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ. ನಂಬಬೇಕಾದದ್ದು ಡಿಸ್ಕಿನ ಸೀರಿಯಲ್ ನಂಬರ್ ಒಂದನ್ನೇ. ಡೆವ್ ಫೋಲ್ಡರಿನ ಒಳಗೆ ಡಿಸ್ಕ್, ಅದರ ಒಳಗೆ ಬೈ-ಐಡಿ ಅನ್ನೋ ಫೋಲ್ಡರ್ ಇದೆ. ಯಾವ ಹೆಸರಿಗೆ ಯಾವ ಸೀರಿಯಲ್ ಅಂತ ಅಲ್ಲಿ ಸಿಗುತ್ತೆ. ಅವತ್ತಿನಿಂದ ಯಾವುದೇ ಸರ್ವರ್ ಕಟ್ಟಿದರೂ ಪ್ರತಿ ಟ್ರೇಯ ಮುಂದೆ ಬಿಳಿ ಪಟ್ಟಿ ಅಂಟಿಸಿ, ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರವನ್ನು ಮಾರ್ಕರಿನಲ್ಲಿ ಬರೆಯುತ್ತೇನೆ.

ಅದೇ ಸಂಘದಲ್ಲಿ ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಡಿಸ್ಕ್ ಸತ್ತು ಬಹಳ ದಿನ ಆಗಿತ್ತು. ಎಂಡಿಎಡಿಎಂ ಪಾಪ ಮೇಲ್ ಕಳಿಸುತ್ತಲೇ ಇತ್ತು, ಸರ್ವರಿನ ಒಳಗೇ ಇರುವ, ಯಾರೂ ತೆರೆಯದ ರೂಟ್ (ಮುಖ್ಯ ಬಳಕೆದಾರ) ಅಂಚೆಪೆಟ್ಟಿಗೆಗೆ. ಎಚ್ಚರಿಕೆಯ ಮೇಲ್ ನಿಮ್ಮ ಫೋನಿಗೆ ಬರುವಂತೆ ಇಟ್ಟು, ಪರೀಕ್ಷೆಯ ಮೇಲ್ ಒಂದನ್ನು ಕಳಿಸಿ ನೋಡಿ. ಜೊತೆಗೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197, 198ನೇ ಸಾಲುಗಳ ಮೇಲೆ ಕಣ್ಣಿಡಿ. ಕೆಟ್ಟು ಬದಲಾದ ಜಾಗ, ಅನುಮಾನದ ಜಾಗ, ಸರಿಪಡಿಸಲಾಗದ ಜಾಗದ ಎಣಿಕೆ ಅಲ್ಲಿರುತ್ತೆ. ಈ ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕಿಗೆ ದುಡ್ಡು ತೆಗೆದಿಡಿ.

ಕರೆಂಟಿನ ಮಾತು ಬೇರೆ ಇದೆ. ಚೀಟಿಯಲ್ಲಿ ಹೊಸ ಬೆಲ್ಲದ ಬೆಲೆ ಬರೆದಾಯಿತು, ಮೊತ್ತ ತಿದ್ದುವ ಮುಂಚೆ ಕರೆಂಟ್ ಹೋಯಿತು. ಈಗ ಸಾಲಿಗೂ ಮೊತ್ತಕ್ಕೂ ತಾಳೆ ಇಲ್ಲ. ಯಾವ ಸಾಲಿಗೂ ಕಲೆ ಬೀಳದವರೆಗೆ ಇದು ಯಾರಿಗೂ ಗೊತ್ತಾಗಲ್ಲ. ಬಿದ್ದ ದಿನ ತಪ್ಪು ಮೊತ್ತದಿಂದ ತಪ್ಪು ಬೆಲೆ ಹುಟ್ಟುತ್ತೆ. ರೇಡ್‌ನ ಈ ತೂತಿಗೆ ರೈಟ್ ಹೋಲ್ ಅಂತ ಹೆಸರು. ಸರ್ವರ್ ಹೀಗೆ ತಟ್ಟನೆ ಆರಿ ಎದ್ದಾಗ ಲಿನಕ್ಸ್ ಮೊತ್ತಗಳನ್ನು ತಾಳೆ ನೋಡಿ ಸರಿಮಾಡುತ್ತೆ. ಬಿಟ್‌ಮ್ಯಾಪ್ ಅನ್ನೋ ಗುರುತಿನ ಪಟ್ಟಿ ಇದ್ದರೆ ಇಡೀ ಡಿಸ್ಕ್ ನೋಡದೆ, ಆಗಷ್ಟೇ ಮುಟ್ಟಿದ ಜಾಗವನ್ನು ಮಾತ್ರ ನೋಡಿ ಬೇಗ ಮುಗಿಸುತ್ತೆ. ತೂತನ್ನು ಪೂರ್ತಿ ಮುಚ್ಚಲು ಬರವಣಿಗೆಯನ್ನು ಮೊದಲು ಒಂದು ಎಸ್‌ಎಸ್‌ಡಿಯಲ್ಲಿ ಟಿಪ್ಪಣಿ ಮಾಡುವ ಜರ್ನಲ್ ವ್ಯವಸ್ಥೆ ಇದೆ. ಚಿಕ್ಕ ಜಾಗಕ್ಕೆ ನಾನು ಹೇಳೋದು, ಒಳ್ಳೆ ಯುಪಿಎಸ್ ತಂದು ಅದರ ಯುಎಸ್‌ಬಿ ತಂತಿಯನ್ನೂ ಸರ್ವರಿಗೆ ಸಿಕ್ಕಿಸಿ. ಬ್ಯಾಟರಿ ಇಳಿಯುತ್ತಿದ್ದಂತೆ ಸರ್ವರ್ ತಾನೇ ಅಚ್ಚುಕಟ್ಟಾಗಿ ಆರಿಕೊಳ್ಳಲಿ. ಎಷ್ಟೋ ಕಡೆ ಯುಪಿಎಸ್ ಇರುತ್ತೆ, ಆ ತಂತಿ ಮಾತ್ರ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇರುತ್ತೆ.

ಡಿಸ್ಕ್ ಸಾಯದೆಯೂ ಸುಳ್ಳು ಹೇಳಬಹುದು. ಬರೆದದ್ದೊಂದು, ಓದಿ ಕೊಟ್ಟಿದ್ದೊಂದು. ಕನ್ನಡಿ ಜೋಡಿಯಲ್ಲಿ ಎರಡು ಪ್ರತಿ ಬೇರೆ ಬೇರೆ ಆದರೆ ಯಾವುದು ನಿಜ? ಇಬ್ಬರೇ ಸಾಕ್ಷಿ, ಇಬ್ಬರದೂ ಬೇರೆ ಮಾತು. ಲಿನಕ್ಸ್‌ನ ಸಾದಾ ರೇಡ್ ಗೊಂದಲ ಇದೆ ಅಂತ ಎಣಿಸಿ ಹೇಳಬಲ್ಲದು, ತೀರ್ಪು ಕೊಡಲಾರದು. ಇಲ್ಲಿ, ಫೈಲ್ ಸಿಸ್ಟಮ್ ಮತ್ತು ರೇಡ್ ಎರಡನ್ನೂ ತಾನೇ ನಡೆಸುವ ಝಡ್‌ಎಫ್‌ಎಸ್ ಮುಂದಿದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಶುರುಮಾಡಿದ್ದು, 2005ರಲ್ಲಿ ಸೊಲಾರಿಸ್ ಯುನಿಕ್ಸ್‌ಗೆ ಸೇರಿತು. ಈಗ ಯುನಿಕ್ಸ್ ಬಗೆಯದೇ ಆದ ಫ್ರೀಬಿಎಸ್‌ಡಿ, ಲಿನಕ್ಸ್ ಎರಡರಲ್ಲೂ ಓಪನ್ ಝಡ್‌ಎಫ್‌ಎಸ್ ಇದೆ. ಪ್ರತಿ ತುಂಡಿನ ಬೆರಳಚ್ಚನ್ನು ಅದು ಬೇರೆ ಜಾಗದಲ್ಲಿ ಬರೆದಿಟ್ಟುಕೊಂಡಿರುತ್ತೆ. ಓದಿದ್ದು ಆ ಬೆರಳಚ್ಚಿಗೆ ಹೊಂದದಿದ್ದರೆ ಇನ್ನೊಂದು ಪ್ರತಿಯಿಂದ ತೆಗೆದು, ಕೆಟ್ಟದ್ದನ್ನು ತಿದ್ದುತ್ತೆ. ಹಳೆಯದರ ಮೇಲೆಯೇ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ ರೈಟ್ ಹೋಲ್ ಕಾಟವೂ ಇಲ್ಲ. ರೇಡ್ 6ರ ಹಾಗಿನದಕ್ಕೆ ಅಲ್ಲಿ ರೇಡ್‌ಝಡ್ 2 ಅನ್ನುತ್ತಾರೆ. ಸ್ಟುಡಿಯೊಗೆ ಅದನ್ನೇ ಹಾಕಬಹುದಿತ್ತು. ಅಲ್ಲಿನ ಹುಡುಗ ಎಂಡಿಎಡಿಎಂ ಕಲಿತವನು. ರಾತ್ರಿ ಹನ್ನೊಂದಕ್ಕೆ ತೊಂದರೆ ಬಂದರೆ ನೋಡಬೇಕಾದವನು ಅವನೇ. ಅವನಿಗೆ ಗೊತ್ತಿರೋದನ್ನೇ ಹಾಕಿದೆ. ಯಾವುದನ್ನು ಹಾಕಿದರೂ ತಿಂಗಳಿಗೊಮ್ಮೆ ಪೂರ್ತಿ ಓದಿ ತಾಳೆ ನೋಡುವ ಸ್ಕ್ರಬ್ ನಡೆಯಬೇಕು. ಡೆಬಿಯನ್, ಉಬುಂಟು ಅನ್ನೋ ಲಿನಕ್ಸ್‌ಗಳಲ್ಲಿ ಎಂಡಿಎಡಿಎಂ ಕಟ್ಟಿದ ಅರೇಗೆ ತಿಂಗಳ ಮೊದಲ ಭಾನುವಾರ ತಾನಾಗೇ ನಡೆಯುವಂತೆ ಇಟ್ಟಿರುತ್ತಾರೆ. ಅದನ್ನು ನಿಲ್ಲಿಸಬೇಡಿ.

"ಹಂಗಾದ್ರ ಇನ್ನ ಬ್ಯಾಕಪ್ ಬ್ಯಾಡ ಬಿಡ್ರಿ" ಅಂದರು ಯಜಮಾನರು ಖುಷಿಯಿಂದ. ಬೇಕೇ ಬೇಕು. ಕನ್ನಡಿ ಮುಂದೆ ಮೀಸೆ ಬೋಳಿಸಿದರೆ ಕನ್ನಡಿಯೊಳಗಿನವನದೂ ಹೋಗುತ್ತಲ್ವಾ? ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ನಾಲ್ಕೂ ಡಿಸ್ಕಿನಿಂದ ಶ್ರದ್ಧೆಯಿಂದ ಅಳಿಸುತ್ತೆ. ವೈರಸ್ ಬಂದು ಬೀಗ ಹಾಕಿದರೂ, ಸಿಡಿಲು ಹೊಡೆದರೂ, ಕಳ್ಳ ಟವರನ್ನೇ ಹೊತ್ತೊಯ್ದರೂ ರೇಡ್ ಏನೂ ಮಾಡಲಾರದು. ಅದು ಕಾಯೋದು ಡಿಸ್ಕಿನ ಸಾವೊಂದರಿಂದ. ಕೊನೆಗೆ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ಎರಡು ತಂದೆವು. ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಬಸವನ ಬಾಗೇವಾಡಿಯಲ್ಲಿರುವ ಅವರ ಮನೆಯ ಕಪಾಟಿನಲ್ಲಿ. ವಾರಕ್ಕೊಮ್ಮೆ ಅದಲು ಬದಲು.

ವಿಡಿಯೊ ತುಂಬುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಪರೀಕ್ಷೆಗೆ ಒಂದು ಮದುವೆಯ ವಿಡಿಯೊ ಕಾಪಿ ಮಾಡಿ ಅದನ್ನು ಅರೇಯಿಂದಲೇ ಓಡಿಸಿದೆವು. ಅಕ್ಷತೆ ಬೀಳುತ್ತಿತ್ತು. "ಯಾವುದಾದರೂ ಒಂದು ಟ್ರೇ ಎಳೀರಿ" ಅಂದೆ ಯಜಮಾನರಿಗೆ. ಅವರು ಹಿಂದೆ ಸರಿದರು. ಹುಡುಗ ಮುಂದೆ ಬಂದು ಎರಡನೆಯದನ್ನು ಎಳೆದ. ವಿಡಿಯೊ ಅರೆಕ್ಷಣ ತಡೆದು ಮತ್ತೆ ಓಡಿತು. ಯಜಮಾನರ ಫೋನ್ ಟಿಣ್ ಅಂತು, ಮೇಲ್ ಬಂದಿತ್ತು. ಅರೇಯ ಸ್ಥಿತಿ ತೋರಿಸುವ, ಪ್ರೋಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಫೈಲಿನಲ್ಲಿ ಡಿಸ್ಕಿಗೊಂದರಂತೆ, ಸರಿಯಾಗಿದೆ ಅನ್ನೋ ಗುರುತಾಗಿ ಸಾಲಾಗಿ ನಿಂತಿದ್ದ ನಾಲ್ಕು 'ಯು' ಅಕ್ಷರಗಳಲ್ಲಿ ಒಂದರ ಜಾಗಕ್ಕೆ ಅಡ್ಡಗೆರೆ ಬಂದಿತ್ತು.

ಅದೇ ಡಿಸ್ಕನ್ನು ಹಾಗೇ ವಾಪಸ್ ಹಾಕಿದರೆ ಬಿಟ್‌ಮ್ಯಾಪ್ ನೋಡಿಕೊಂಡು ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತೆ, ಅದು ಪರೀಕ್ಷೆ ಆಗಲ್ಲ. ಅದಕ್ಕೆ ಅದರ ಮೇಲಿನ ರೇಡ್ ಗುರುತನ್ನು ಅಳಿಸಿ, ಹೊಸ ಡಿಸ್ಕ್ ಅನ್ನೋ ಹಾಗೆ ಸೇರಿಸಿದೆವು. ಹುಡುಗನೇ ಸೀರಿಯಲ್ ನೋಡಿದ, ಹುಡುಗನೇ ಕಮಾಂಡ್ ಕೊಟ್ಟ, ಸಮಯ ಬರೆದುಕೊಂಡ. ರಾತ್ರಿ ಷಟರ್ ಎಳೆಯುವಾಗ ಅರ್ಧಕ್ಕಿಂತ ಜಾಸ್ತಿ ಆಗಿತ್ತು. ಬೆಳಿಗ್ಗೆ ನಾನು ಹೋಗುವ ಮುಂಚೆಯೇ ಅವನ ಮೆಸೇಜ್ ಬಂತು: "ಸರ, ನಾಕೂ ಯು ಬಂದಾವ್ರಿ."